ಹಿತ್ತಿಲಿನ ಒಂದು ಚಟಾಕು ಸಾಸಿವೆ

ಸಾವಿಲ್ಲದ ಮನೆಯಿಂದ ಸಾಸಿವೆಯನ್ನು ತಾ ಎಂದು ಬುದ್ಧದೇವನು ಕಿಸಾಗೋತಮಿಗೆ ಹೇಳಿದ ಕಥೆಯನ್ನು ಅರಿಯದ ವಿದ್ಯಾರ್ಥಿ ನಮ್ಮಲ್ಲಿ ವಿರಳ. ಆ ಕಥೆಯ ಕರುಣೆಯನ್ನು ನಾವು ತರಗತಿಗಳಲ್ಲಿ ಬೇಕಾದಷ್ಟು ವಿವರಿಸಿದ್ದೇವೆ. ಆದರೆ ಭಗವಾನನು ಕಸ್ತೂರಿಯನ್ನಾಗಲಿ ಕೇಸರಿಯನ್ನಾಗಲಿ ಕೇಳದೆ ಸಾಸಿವೆಯನ್ನೇ ಏಕೆ ಕೇಳಿದನೆಂದು ಯಾರೂ ಪ್ರಶ್ನಿಸಿದಂತೆ ತೋರುವುದಿಲ್ಲ. ಸಾಸಿವೆಯಿಲ್ಲದ ಮನೆಯಿರಲಿಲ್ಲ, ಎಂತಹ ಬಡವಳಾದರೂ ಇಲ್ಲವೆನ್ನದೆ ಕೊಡಬಹುದಾದ ವಸ್ತು ಅದು. ಕಥೆಯ ಅರ್ಧ ಬಲವಿರುವುದು ಆ ಸುಲಭತೆಯಲ್ಲಿ.

ಇಂದಿಗೂ ಸಾಸಿವೆಯಿಲ್ಲದ ಮನೆಯಿಲ್ಲ. ಸಾಸಿವೆಯ ಗಿಡವನ್ನು ಕಂಡ ಮನೆ ಮಾತ್ರ ಅಪರೂಪವಾಗಿದೆ. ಕಳೆದ ಚಳಿಗಾಲದಲ್ಲಿ ನನ್ನ ಹಿತ್ತಿಲಿಗೆ ಬಂದಿದ್ದ ಕಾಲೇಜಿನ ಹುಡುಗನೊಬ್ಬ, ಹಳದಿ ಹೂ ಹೊತ್ತು ಎದೆಯೆತ್ತರ ನಿಂತಿದ್ದ ಸಾಲನ್ನು ತೋರಿಸಿ, ಇದು ಯಾವ ದೇಶದ ಅಲಂಕಾರದ ಗಿಡವೆಂದು ಕೇಳಿದ. ಹೆಸರು ಹೇಳಿದಾಗ ಅವನಿಗಾದ ಅಚ್ಚರಿಯನ್ನು ಕಂಡು ನಾನು ನಗಲಿಲ್ಲ. ಮೂರು ವರ್ಷಗಳ ಹಿಂದೆ ನಾನೂ ಅವನಷ್ಟೇ ಬಲ್ಲವನಾಗಿದ್ದೆ.

ಬೆಳೆಯುವುದರಲ್ಲಿ ಹೇಳಿಕೊಳ್ಳುವಂತಹ ವಿದ್ಯೆಯೇನೂ ಇಲ್ಲ. ಒಗ್ಗರಣೆಯ ಡಬ್ಬಿಯಿಂದ ತೆಗೆದ ಒಂದು ಚಿಟಿಕೆ ಕಾಳನ್ನು ಅಕ್ಟೋಬರಿನಲ್ಲಿ ತೆಳುವಾಗಿ ಮಣ್ಣು ಮುಚ್ಚಿ ಬಿತ್ತಿದರೆ ವಾರದೊಳಗೆ ಮೊಳಕೆ ಕಾಣುತ್ತದೆ. ದಟ್ಟವಾದಲ್ಲಿ ಕಿತ್ತು ಗಿಡದಿಂದ ಗಿಡಕ್ಕೆ ಒಂದು ಗೇಣು ಬಿಟ್ಟರೆ ಸಾಕು, ಕಿತ್ತದ್ದು ಸಾರಿಗಾಗುತ್ತದೆ. ಹೂ ಬಂದಾಗ ಎಳೆಯ ತುದಿಗಳಿಗೆ ಗಿಡಹೇನು ಮುತ್ತುತ್ತದೆ; ನೀರನ್ನು ರಭಸವಾಗಿ ಎರಚಿ ತೊಳೆದೆ, ಕೆಲವು ತುದಿಗಳನ್ನು ಚಿವುಟಿ ಎಸೆದೆ. ಇಷ್ಟೇ ಕೃಷಿ.

ವಿದ್ಯೆ ಬೇಕಾಗುವುದು ಕೊಯ್ಲಿನಲ್ಲಿ. ಮೊದಲನೆಯ ವರ್ಷ ನಾನು ಪುಸ್ತಕದ ಬುದ್ಧಿಯವನಾಗಿ, ಕಾಯಿ ಪೂರ್ತಿ ಒಣಗಲಿ ಎಂದು ಕಾದೆ. ಒಂದು ಮಧ್ಯಾಹ್ನ ಉರಿಬಿಸಿಲಿನಲ್ಲಿ ಕುಡುಗೋಲು ಹಿಡಿದು ಹೋಗಿ ಮೊದಲ ಗಿಡವನ್ನು ಮುಟ್ಟಿದೊಡನೆ ಕಾಯಿಗಳು ಚಟಚಟನೆ ಸಿಡಿದು, ಮೂರೂವರೆ ತಿಂಗಳ ಆರೈಕೆಯೆಲ್ಲ ಮಣ್ಣಿಗೆ ಬಿತ್ತು. ಆಯ್ದುಕೊಳ್ಳಲು ಅದೇನು ಅವರೆಕಾಳೇ? ಗಿಡದ ದೃಷ್ಟಿಯಿಂದ ನೋಡಿದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಕಾಯಿಯ ಎರಡು ಹೋಳುಗಳ ನಡುವೆ ತೆಳುವಾದ ಪೊರೆಯೊಂದಿದೆ. ಒಣಗಿದಂತೆ ಹೋಳುಗಳು ಬಿಗಿದು ಬಿಚ್ಚಿಕೊಂಡು ಬೀಜವನ್ನು ಚೆಲ್ಲಬೇಕೆಂಬುದೇ ಅದರ ಏರ್ಪಾಡು. ಡಬ್ಬಿ ತುಂಬುವುದು ಅದರ ಉದ್ದೇಶವಲ್ಲ. ಮರುವರ್ಷ ಹಳ್ಳಿಯಿಂದ ಬಂದ ವೃದ್ಧೆಯೊಬ್ಬರು ದಾರಿ ತೋರಿದರು. ಕೆಳಗಿನ ಕಾಯಿ ಹುಲ್ಲಿನ ಬಣ್ಣಕ್ಕೆ ತಿರುಗಿ, ಮೇಲಿನವು ಇನ್ನೂ ತುಸು ಹಸಿರಾಗಿರುವಾಗಲೇ, ಇಬ್ಬನಿ ಆರುವ ಮುನ್ನ ಕೊಯ್ಯಬೇಕು. ತೇವದಲ್ಲಿ ಕಾಯಿ ಸಿಡಿಯದು. ಕಟ್ಟು ಕಟ್ಟಿ ಹಳೆಯ ಪಂಚೆಯ ಮೇಲೆ ವಾರವೊಂದು ಒಣಗಿಸಿ, ಕೋಲಿನಿಂದ ಮೆಲ್ಲನೆ ಬಡಿದು, ಮೊರದಲ್ಲಿ ಕೇರಬೇಕು. ಮೊರ ಹಿಡಿಯಲರಿಯದ ನನ್ನಂಥವರಿಗೆ ಅವರು ಇನ್ನೊಂದು ಉಪಾಯವನ್ನೂ ಹೇಳಿದರು: ತಟ್ಟೆಯನ್ನು ಓರೆ ಹಿಡಿದರೆ ದುಂಡಗಿನ ಕಾಳು ಉರುಳಿ ಬರುತ್ತದೆ, ಹೊಟ್ಟು ಹಿಂದುಳಿಯುತ್ತದೆ. ಮೂವತ್ತು ಗಿಡಗಳಿಂದ ದೊರೆತದ್ದು 60 ಗ್ರಾಂ, ಹಳೆಯ ಲೆಕ್ಕದಲ್ಲಿ ಒಂದು ಚಟಾಕು.

ಆ ಅಜ್ಜಿಗೆ ಇದು ಹಿತ್ತಿಲಿನ ಹವ್ಯಾಸವಾಗಿರಲಿಲ್ಲ. ಹಳೆಯ ಮೈಸೂರಿನ ಕಡೆ ರಾಗಿಯ ಹೊಲದಲ್ಲಿ ಅಕ್ಕಡಿ ಸಾಲುಗಳನ್ನು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳುಗಳೊಡನೆ ಸಾಸಿವೆಯನ್ನೂ ಹಾಕುವ ಪದ್ಧತಿಯಿದೆ. ವರ್ಷದ ಒಗ್ಗರಣೆಗೂ ಮುಂದಿನ ಬಿತ್ತನೆಗೂ ಆ ಸಾಲಿನಿಂದಲೇ ಒದಗಬೇಕು. ರಾಗಿಯೊಂದನ್ನೇ ಬಿತ್ತುವ ಹೊಲಗಳಲ್ಲಿ ಈ ಸಾಲುಗಳಿಗೆ ಎಡೆಯಿಲ್ಲ. ಸಾಲು ಹೋದೆಡೆ ಆ ಕೈಯರಿವೂ ಹೋಯಿತು.

ಪೇಟೆಯಲ್ಲಿ ಕೆಲವೇ ರೂಪಾಯಿಗಳಿಗೆ ಸಿಗುವುದಕ್ಕೆ ಇಷ್ಟು ಶ್ರಮವೇಕೆಂದು ಅರ್ಥಶಾಸ್ತ್ರ ಬಲ್ಲ ಮಿತ್ರರು ಕೇಳುತ್ತಾರೆ. ಲಾಭದ ಮಾತಾದರೆ ನಾನು ಸೋತವನೇ. ಆದರೆ 2022ರ ಅಕ್ಟೋಬರಿನಲ್ಲಿ ಕೇಂದ್ರದ ಸಮಿತಿಯು ಡಿ.ಎಂ.ಎಚ್.-11 ಎಂಬ ಕುಲಾಂತರಿ ಸಾಸಿವೆಯನ್ನು ಪರಿಸರಕ್ಕೆ ಬಿಡಲು ಸಮ್ಮತಿಸಿದಾಗಲೂ, 2024ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಅದರ ಬಗ್ಗೆ ಭಿನ್ನ ತೀರ್ಪುಗಳನ್ನಿತ್ತಾಗಲೂ, ಈ ಮಿತ್ರರೇ ಎರಡು ಪಕ್ಷವಾಗಿ ವಾದಿಸಿದ್ದನ್ನು ಕೇಳಿದ್ದೇನೆ. ವಾದವೆಲ್ಲ ಕುಲಾಂತರಿ ಎಂಬ ಪದದ ಸುತ್ತಲೇ ತಿರುಗಿತು. ಅದು ಸಂಕರ ತಳಿಯೂ ಹೌದೆಂಬ ಮಾತಿನ ಬಳಿ ಯಾರೂ ನಿಲ್ಲಲಿಲ್ಲ. ಬೀಜವನ್ನು ಉಳಿಸುವ, ಮರಳಿ ಬಿತ್ತುವ, ಹಂಚುವ ಹಕ್ಕನ್ನು 2001ರ ಕಾನೂನು ರೈತನಿಗೆ ಕೊಟ್ಟಿದೆ. ಸಂಕರದ ಬೀಜವನ್ನು ಉಳಿಸಿ ಬಿತ್ತಿದರೆ ಮರುಪೀಳಿಗೆ ತಾಯಿಯಂತಿರದೆ ಒಂದೊಂದು ಗಿಡ ಒಂದೊಂದು ಬಗೆಯಾಗುತ್ತದೆ. ಕಾನೂನು ಕೊಟ್ಟ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ. ಇಳುವರಿ ಹೆಚ್ಚಿದರೆ ವರ್ಷವರ್ಷ ಬೀಜ ಕೊಂಡರೂ ನಷ್ಟವಿಲ್ಲವೆನ್ನುವ ರೈತರೂ ಇದ್ದಾರೆ; ಅದನ್ನು ಅಲ್ಲಗಳೆಯಲಾರೆ. ಆದರೆ ಏನನ್ನು ಕೊಟ್ಟು ಏನನ್ನು ಪಡೆಯುತ್ತಿದ್ದೇವೆಂಬುದು, ಒಮ್ಮೆಯಾದರೂ ಬೀಜ ಹಿಡಿದು ಮರಳಿ ಬಿತ್ತಿದವನಿಗೆ ತಿಳಿಯುವಂತೆ ಇತರರಿಗೆ ತಿಳಿಯದು. ನಾಡಿನ ಸಾಸಿವೆ ಬಹುಮಟ್ಟಿಗೆ ಸ್ವಕೀಯ ಪರಾಗದಿಂದಲೇ ಕಾಯಿ ಕಟ್ಟುವ ಗಿಡ. ಹಿತ್ತಿಲಿನ ಮೂವತ್ತು ಗಿಡಗಳಲ್ಲಿಯೂ ತಳಿ ಸಾಕಷ್ಟು ನಿಲ್ಲುತ್ತದೆ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ಒಂದು ವಿನಂತಿ. ಶಾಲೆಯ ಕೈತೋಟದಲ್ಲಿ ಸೊಪ್ಪನ್ನು ಬೆಳೆಸಿ, ಹೂ ಕಾಣುವ ಮೊದಲೇ ಕಿತ್ತು, ಮರಳಿ ಪೊಟ್ಟಣದ ಬೀಜವನ್ನೇ ತರುವುದು ರೂಢಿ. ಮಕ್ಕಳು ಗಿಡದ ಅರ್ಧ ಆಯುಷ್ಯವನ್ನು ಮಾತ್ರ ನೋಡುತ್ತಾರೆ. ಹತ್ತು ಸಾಸಿವೆ ಗಿಡಗಳನ್ನು ಕೀಳದೆ ಬಿಡಿ. ಅಕ್ಟೋಬರಿನಲ್ಲಿ ಬಿತ್ತಿದ್ದು ಪರೀಕ್ಷೆಗೆ ಮುನ್ನವೇ ಕೈಗೆ ಬರುತ್ತದೆ.

ನನ್ನ ಚಟಾಕಿನಲ್ಲಿ ಅರ್ಧವನ್ನು ಮನೆಯಾಕೆ ಮಾವಿನಹಣ್ಣಿನ ಸಾಸಿವೆಗೆಂದು ತೆಗೆದಿರಿಸಿದ್ದಾಳೆ. ಕಾಯಿಯೊಡನೆ ಹಸಿಯಾಗಿ ಅರೆದಾಗಲೇ ಆ ಕಾಳಿನ ಘಾಟು ಮೂಗಿಗೇರುವುದು. ಎಣ್ಣೆಯಲ್ಲಿ ಸಿಡಿದದ್ದಕ್ಕೆ ಆ ಖಾರವಿಲ್ಲ. ಉಳಿದರ್ಧ ಸೀಸೆಯಲ್ಲಿದೆ. ಅದರಲ್ಲಿ ಒಂದು ಚಿಟಿಕೆಯನ್ನು ಆ ಕಾಲೇಜಿನ ಹುಡುಗ ಮೊನ್ನೆ ಕಾಗದದಲ್ಲಿ ಮಡಿಸಿಕೊಂಡು ಹೋದ. ಮಹಡಿಯ ಮೇಲೆ ಎರಡು ಕುಂಡಗಳಿವೆಯಂತೆ.