ಭವಿಷ್ಯನಿಧಿಯಲ್ಲಿ ಕಾಣದ ಉಳಿತಾಯ

ಐವತ್ತು ದಾಟಿದ ಮಧ್ಯಮ ವರ್ಗದ ಗೃಹಸ್ಥರು ಹಾಕುವ ಲೆಕ್ಕಾಚಾರಗಳು ನಮಗೆಲ್ಲ ಪರಿಚಿತವೇ. ಭವಿಷ್ಯನಿಧಿಯಲ್ಲಿ ಎಷ್ಟು ಜಮೆಯಾಗಿದೆ, ಉಪದಾನ ಎಷ್ಟು ಬರಬಹುದು, ಪಿಂಚಣಿಯ ಎಷ್ಟು ಭಾಗವನ್ನು ಪರಿವರ್ತಿಸಿಕೊಳ್ಳಬೇಕು, ಮನೆಸಾಲದ ಕಂತು ಯಾವ ವರ್ಷಕ್ಕೆ ತೀರುತ್ತದೆ, ಮಗಳ ಮದುವೆಗೆಂದು ಎಷ್ಟು ತೆಗೆದಿರಿಸಬೇಕು - ಇವೆಲ್ಲ ದಿನಚರಿಯ ಕೊನೆಯ ಪುಟದಲ್ಲಿ ಅಚ್ಚುಕಟ್ಟಾಗಿ ದಾಖಲಾಗಿರುತ್ತವೆ. ಎಪ್ಪತ್ತೈದನೆಯ ವಯಸ್ಸಿನಲ್ಲಿ ಕೈಯೂರದೆ ಕುರ್ಚಿಯಿಂದ ಏಳಲು ಬೇಕಾದ ಬಲ ಎಲ್ಲಿಂದ ಬರಬೇಕು ಎಂಬ ಲೆಕ್ಕ ಮಾತ್ರ ಆ ಪುಟದಲ್ಲಿ ಇರುವುದಿಲ್ಲ.

‘ಕೈಕಾಲು ಗಟ್ಟಿಯಾಗಿರುವಾಗಲೇ ಹೋಗಿಬಿಡಬೇಕು’ ಎಂಬುದು ನಮ್ಮ ಮನೆಗಳಲ್ಲಿ ಹಿರಿಯರು ಆಡುವ ಮಾತು. ಅವರು ಅಂಜುವುದು ಸಾವಿಗಲ್ಲ, ಪರಾವಲಂಬನೆಗೆ. ಈ ಅಂಜಿಕೆಗೆ ಈಗ ಹಿಂದೆಂದಿಗಿಂತ ಹೆಚ್ಚು ಕಾರಣವಿದೆ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಹಾಗೂ ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2023ರಲ್ಲಿ ಹೊರತಂದ ವರದಿಯ ಪ್ರಕಾರ, ಅರವತ್ತು ತಲಪಿದ ಭಾರತೀಯರು ಸರಾಸರಿ ಇನ್ನೂ 18 ವರ್ಷಕ್ಕೂ ಹೆಚ್ಚು ಕಾಲ ಬದುಕುತ್ತಾರೆ. ಮಹಿಳೆಯರಾದರೆ 19 ವರ್ಷ. 2022ರಲ್ಲಿ ಜನಸಂಖ್ಯೆಯ ಶೇ 10.5ರಷ್ಟಿದ್ದ ಹಿರಿಯರ ಪ್ರಮಾಣ 2050ರ ವೇಳೆಗೆ ಶೇ 20.8ಕ್ಕೆ ಏರಲಿದೆ. ಕರ್ನಾಟಕ ಸರ್ಕಾರ ತನ್ನ ನೌಕರರ ನಿವೃತ್ತಿ ವಯಸ್ಸನ್ನು 2008ರಲ್ಲಿ 58ರಿಂದ 60ಕ್ಕೆ ಏರಿಸಿತು. ಸೇವಾವಧಿ ಎರಡು ವರ್ಷ ಹಿಗ್ಗಿತು, ನಿಜ. ಆದರೆ ಅದರಾಚೆಗಿನ ಎರಡು ದಶಕಗಳನ್ನು ಯಾವ ದೇಹದಲ್ಲಿ ಕಳೆಯಬೇಕು ಎಂಬ ಪ್ರಶ್ನೆಯನ್ನು ಯಾವ ಸುತ್ತೋಲೆಯೂ ಎತ್ತುವುದಿಲ್ಲ.

ಈ ಪ್ರಶ್ನೆಗೆ ವಿದ್ಯಾವಂತ ಸಮಾಜ ಕಂಡುಕೊಂಡಿರುವ ಉತ್ತರ ಎರಡು ಪದಗಳದ್ದು: ವಾಕಿಂಗ್ ಮತ್ತು ಪಥ್ಯ. ಬೆಳಿಗ್ಗೆ ಉದ್ಯಾನದಲ್ಲಿ ನಾಲ್ಕು ಸುತ್ತು, ಕಾಫಿಗೆ ಸಕ್ಕರೆ ಬೇಡ, ರಾತ್ರಿ ಅನ್ನ ಬೇಡ. ಇದು ತಪ್ಪಲ್ಲ, ಆದರೆ ಅರ್ಧ ಸತ್ಯ. ಉಳಿದರ್ಧವು ಸ್ನಾಯುಬಲಕ್ಕೆ ಮತ್ತು ಅದನ್ನು ಪೋಷಿಸುವ ಆಹಾರಕ್ಕೆ ಸಂಬಂಧಿಸಿದ್ದು. ಅದನ್ನು ನಾವು ಗಂಭೀರವಾಗಿ ಪರಿಗಣಿಸಿಲ್ಲ ಎಂಬುದೇ ಈ ಲೇಖನದ ವಾದ.

ಮೊದಲು ನಡಿಗೆಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿ. ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ಇಡೀ ದಿನ ಕುಳಿತೇ ಇರುವ ಚಾಲಕರನ್ನೂ ದಿನವಿಡೀ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರನ್ನೂ ಹೋಲಿಸಿ ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ನಿರ್ವಾಹಕರಲ್ಲಿ ಹೃದಯಾಘಾತ ಗಮನಾರ್ಹವಾಗಿ ಕಡಿಮೆ ಇತ್ತು. ದೈಹಿಕ ಚಟುವಟಿಕೆಯ ಆಧುನಿಕ ವಿಜ್ಞಾನಕ್ಕೆ ಅದು ಬುನಾದಿ. ನಮ್ಮ ನೆರೆಯ ಚೆನ್ನೈ ಕೇಂದ್ರಿತವಾಗಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನವೂ ಅಷ್ಟೇ ಮಹತ್ವದ್ದು. ಮಧುಮೇಹದ ಹೊಸ್ತಿಲಲ್ಲಿದ್ದವರಿಗೆ ಆಹಾರ ಮತ್ತು ವ್ಯಾಯಾಮದ ಬಗ್ಗೆ ನಿರಂತರ ಮಾರ್ಗದರ್ಶನ ನೀಡಿದಾಗ, ಮೂರು ವರ್ಷಗಳಲ್ಲಿ ರೋಗಕ್ಕೆ ಗುರಿಯಾಗುವ ಸಂಭವ ಶೇ 28.5ರಷ್ಟು ತಗ್ಗಿತು. ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳೂ ಆ ಹೊಸ್ತಿಲಲ್ಲಿ 13.6 ಕೋಟಿ ಜನರೂ ಇದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಅಂದಾಜಿಸಿರುವಾಗ, ಈ ಅಂಕಿಯ ತೂಕ ಅರ್ಥವಾಗುತ್ತದೆ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಲೇಬೇಕೆಂದು ಕೈಗಡಿಯಾರ ನೋಡಿಕೊಂಡು ಚಡಪಡಿಸುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಆ ಸಂಖ್ಯೆ ಬಂದದ್ದು ವೈದ್ಯಶಾಸ್ತ್ರದಿಂದಲ್ಲ. 1965ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ. ಹಲವು ಅಧ್ಯಯನಗಳನ್ನು ಒಗ್ಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಅರವತ್ತು ದಾಟಿದವರಿಗೆ ಆರರಿಂದ ಎಂಟು ಸಾವಿರ ಹೆಜ್ಜೆಗಳ ಹೊತ್ತಿಗೆ ಆಯುಷ್ಯದ ಲಾಭದ ಬಹುಪಾಲು ದೊರೆತಿರುತ್ತದೆ. ಅರ್ಥಶಾಸ್ತ್ರದಲ್ಲಿ ಇದನ್ನು ಇಳಿಮುಖ ಸೀಮಾಂತ ಪ್ರತಿಫಲ ಎನ್ನುತ್ತೇವೆ. ಹಾಗಾದರೆ ಉಳಿದ ಇಪ್ಪತ್ತು ನಿಮಿಷವನ್ನು ಎಲ್ಲಿ ಹೂಡುವುದು ಲೇಸು?

ಉತ್ತರ ಸ್ನಾಯುಗಳಲ್ಲಿದೆ. ಮೂವತ್ತರ ಅನಂತರ ಪ್ರತಿ ದಶಕಕ್ಕೆ ಶೇ 3ರಿಂದ 8ರಷ್ಟು ಸ್ನಾಯುರಾಶಿ ಕರಗುತ್ತ ಹೋಗುತ್ತದೆ. ಅರವತ್ತರ ಬಳಿಕ ಈ ಸವಕಳಿಯ ವೇಗ ಇನ್ನೂ ಹೆಚ್ಚು. ತೂಕದ ಯಂತ್ರ ಇದನ್ನು ತೋರಿಸದು, ಏಕೆಂದರೆ ಕರಗಿದ ಸ್ನಾಯುವಿನ ಜಾಗವನ್ನು ಕೊಬ್ಬು ತುಂಬಿರುತ್ತದೆ. ಊಟದ ಅನಂತರ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದೂ ಸ್ನಾಯುಗಳೇ. ಆದ್ದರಿಂದ ಸ್ನಾಯು ಕುಗ್ಗಿದಂತೆ ಮಧುಮೇಹವನ್ನು ಹತೋಟಿಯಲ್ಲಿಡುವುದು ಕಷ್ಟವಾಗುತ್ತದೆ. ಬಿದ್ದರೆ ಮೂಳೆ ಮುರಿಯುವ ಭಯವೂ ಹೆಚ್ಚುತ್ತದೆ. ಬರಿಯ ನಡಿಗೆ ಈ ಸವಕಳಿಯನ್ನು ತಡೆಯಲಾರದು. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಚಟುವಟಿಕೆಯ ಜೊತೆಗೆ ಕನಿಷ್ಠ ಎರಡು ದಿನ ಬಲವರ್ಧಕ ವ್ಯಾಯಾಮವನ್ನೂ, 65 ದಾಟಿದವರಿಗೆ ವಾರದಲ್ಲಿ ಮೂರು ದಿನ ಸಮತೋಲನ ಕಾಯ್ದುಕೊಳ್ಳುವ ಅಭ್ಯಾಸವನ್ನೂ ಹೇಳಿದೆ.

‘ಈ ವಯಸ್ಸಿನಲ್ಲಿ ಇನ್ನೇನು’ ಎನ್ನುವವರಿಗೆ ಬೋಸ್ಟನ್ ನಗರದ ಒಂದು ಪ್ರಯೋಗ ಉತ್ತರವಾಗಬಲ್ಲದು. ವೃದ್ಧರ ಆರೈಕೆ ಕೇಂದ್ರವೊಂದರ ಹತ್ತು ಮಂದಿಗೆ ಮರಿಯಾ ಫಿಯಟರೋನ್ ಎಂಬ ವೈದ್ಯೆ ಎಂಟು ವಾರಗಳ ಕಾಲ ಕಾಲಿನಿಂದ ಭಾರ ಎತ್ತುವ ತರಬೇತಿ ನೀಡಿದರು. ಅವರ ಸರಾಸರಿ ವಯಸ್ಸು ತೊಂಬತ್ತು. ತರಬೇತಿ ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ 174ರಷ್ಟು ವೃದ್ಧಿಸಿತು. 1990ರಲ್ಲಿ ಪ್ರಕಟವಾದ ಈ ಫಲಿತಾಂಶ ಹೇಳುವುದಿಷ್ಟೆ: ಸ್ನಾಯುಗಳು ವಯಸ್ಸು ಕೇಳುವುದಿಲ್ಲ, ಕೆಲಸ ಕೇಳುತ್ತವೆ.

ಇದಕ್ಕೆ ದುಬಾರಿ ಜಿಮ್ ಬೇಕಿಲ್ಲ. ಕೈಯೂರದೆ ಕುರ್ಚಿಯಿಂದ ಹತ್ತು ಬಾರಿ ಎದ್ದು ಕೂರುವುದು, ಗೋಡೆಗೆ ಅಂಗೈಯೂರಿ ದೇಹವನ್ನು ತಳ್ಳುವುದು, ಮೆಟ್ಟಿಲೇರುವುದು, ಆಸರೆಯ ಪಕ್ಕದಲ್ಲಿ ಒಂಟಿ ಕಾಲಿನಲ್ಲಿ ನಿಲ್ಲುವುದು - ಆರಂಭಕ್ಕೆ ಇಷ್ಟು ಸಾಕು. ಒಂದು ತಲೆಮಾರಿನ ಹಿಂದೆ ನೆಲದ ಮೇಲೆ ಕುಳಿತು ಉಣ್ಣುವಾಗ, ಬಾವಿಯಿಂದ ನೀರು ಸೇದುವಾಗ ಈ ವ್ಯಾಯಾಮ ತಾನಾಗಿಯೇ ಆಗುತ್ತಿತ್ತು. ಆ ಕಾಲಕ್ಕೆ ಮರಳಬೇಕೆಂದು ಯಾರೂ ಹೇಳಲಾರರು. ಒರಳುಕಲ್ಲು ಎಷ್ಟು ಹೆಂಗಸರ ಬೆನ್ನು ಮುರಿದಿದೆ ಎಂಬುದು ಗೊತ್ತಿರುವ ಸಂಗತಿ. ಮಿಕ್ಸಿ, ಲಿಫ್ಟ್, ಸೋಫಾಗಳು ಕಿತ್ತುಕೊಂಡ ಶ್ರಮದ ಒಂದು ಪಾಲನ್ನು ನಾವೇ ತಿಳಿದು ಮರಳಿ ರೂಢಿಸಿಕೊಳ್ಳಬೇಕು, ಅಷ್ಟೆ. ಹೃದ್ರೋಗ ಅಥವಾ ಮಂಡಿನೋವು ಇರುವವರು ವೈದ್ಯರ ಸಲಹೆ ಪಡೆದೇ ತೊಡಗಬೇಕು.

ಇನ್ನು ತಟ್ಟೆಯ ಮಾತು. ‘ಊಟ ಬಲ್ಲವನಿಗೆ ರೋಗವಿಲ್ಲ’ ಎನ್ನುತ್ತದೆ ಗಾದೆ. ನಾವು ಊಟ ಬಲ್ಲೆವೇ? ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಭಾಗವಾಗಿ 2025ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಭಾರತೀಯರ ಆಹಾರಶಕ್ತಿಯಲ್ಲಿ ಸುಮಾರು ಶೇ 62ರಷ್ಟು ಪಿಷ್ಟ ಪದಾರ್ಥಗಳಿಂದಲೇ ಬರುತ್ತದೆ. ನಮ್ಮ ಸಸ್ಯಾಹಾರಿ ಮನೆಯೊಂದರ ದಿನವನ್ನೇ ನೋಡಿ: ಬೆಳಿಗ್ಗೆ ಮೂರು ಇಡ್ಲಿ, ಮಧ್ಯಾಹ್ನ ಅನ್ನ, ತಿಳಿಸಾರು, ಸ್ವಲ್ಪ ಮೊಸರು, ರಾತ್ರಿ ಎರಡು ಚಪಾತಿ, ನಡುವೆ ಎರಡು ಲೋಟ ಕಾಫಿ. ಸ್ಥೂಲವಾಗಿ ಲೆಕ್ಕ ಹಾಕಿದರೂ ಇದರಲ್ಲಿ ಪ್ರೋಟೀನು ನಲವತ್ತು ಗ್ರಾಂ ದಾಟುವುದು ಕಷ್ಟ. ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಎಂಬ ನಮ್ಮ ದೇಶದ ಮಾನದಂಡದಂತೆ 60 ಕಿಲೋ ತೂಕದವರಿಗೆ 50 ಗ್ರಾಂ ಬೇಕು. 65 ದಾಟಿದವರಿಗೆ ಕಿಲೋಗೆ ಒಂದು ಗ್ರಾಂನಿಂದ 1.2 ಗ್ರಾಂ ಬೇಕೆಂದು ಅಂತರರಾಷ್ಟ್ರೀಯ ತಜ್ಞರ ತಂಡವೊಂದು 2013ರಲ್ಲಿ ಅಭಿಪ್ರಾಯಪಟ್ಟಿದೆ. ವಯಸ್ಸಾದಂತೆ ಕಡಿಮೆ ತಿನ್ನಬೇಕು ಎಂಬ ನಮ್ಮ ನಂಬಿಕೆ ಅನ್ನ, ಸಕ್ಕರೆ, ಕರಿದ ತಿಂಡಿಗಳ ಮಟ್ಟಿಗೆ ಸರಿ. ಬೇಳೆಕಾಳುಗಳ ಮಟ್ಟಿಗೆ ಅದು ತಲೆಕೆಳಗಾದ ನಂಬಿಕೆ.

ಈ ಕೊರತೆಯನ್ನು ತುಂಬಲು ಡಬ್ಬಿಯ ಪುಡಿಗಳಿಗೆ ಮೊರೆ ಹೋಗಬೇಕಿಲ್ಲ. ಐವತ್ತು ಗ್ರಾಂ ಹೆಚ್ಚುವರಿ ಕಾಳಿನಿಂದ ಹನ್ನೊಂದು ಗ್ರಾಂ, ಒಂದು ಲೋಟ ಹಾಲಿನಿಂದ ಆರು ಗ್ರಾಂ, ಒಂದು ಹಿಡಿ ಶೇಂಗಾದಿಂದ ಏಳು ಗ್ರಾಂ, ತಿನ್ನುವವರಾದರೆ ಒಂದು ಮೊಟ್ಟೆಯಿಂದ ಆರು ಗ್ರಾಂ ಪ್ರೋಟೀನು ದೊರೆಯುತ್ತದೆ. ಹುರುಳಿ ಬಸ್ಸಾರು, ಅವರೆಕಾಳಿನ ಹುಳಿ, ಹೆಸರುಬೇಳೆ ಕೋಸಂಬರಿ, ಮಡಕೆಕಾಳಿನ ಉಸುಳಿ - ಹಬ್ಬಕ್ಕೋ ಋತುವಿಗೋ ಮೀಸಲಾದ ಇವು ನಿತ್ಯದ ತಟ್ಟೆಗೆ ಬರಬೇಕು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರಮಾಣ ನಿರ್ಧರಿಸಬೇಕು. ಶುದ್ಧ ಸಸ್ಯಾಹಾರಿಗಳು ಬಿ12 ಜೀವಸತ್ವದ ಮಟ್ಟವನ್ನು ಪರೀಕ್ಷಿಸಿಕೊಳ್ಳುವುದೂ ವಿಹಿತ.

ರಾಗಿಯ ಬಗ್ಗೆ ಒಂದು ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಮೂಳೆ ಸವೆಯುವ ವಯಸ್ಸಿಗೆ ಇದಕ್ಕಿಂತ ಅಗ್ಗದ ಆಸರೆ ಇಲ್ಲ. ಆದರೆ ರಾಗಿಯಿಂದ ಸಕ್ಕರೆ ಏರದು ಎಂಬ ಭ್ರಮೆ ಬೇಡ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆಯೂ ಪಿಷ್ಟವೇ. ಮುದ್ದೆ ಚಿಕ್ಕದಾಗಲಿ, ಅದರ ಜೊತೆಗಿನ ಕಾಳು, ಸೊಪ್ಪು ಹೆಚ್ಚಲಿ.

ಈ ವಿಚಾರದಲ್ಲಿ ಮಹಿಳೆಯರ ಸ್ಥಿತಿ ಬೇರೆಯೇ. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಮೂಳೆಯ ಸವಕಳಿ ಅತಿ ವೇಗ. ಅದೇ ವಯಸ್ಸಿನಲ್ಲಿ ಮನೆಯ ಯಜಮಾನಿ ಎಲ್ಲರಿಗೂ ಬಡಿಸಿ, ಉಳಿದ ಅನ್ನಕ್ಕೆ ತಳದ ಸಾರು ಸುರಿದುಕೊಂಡು ಊಟ ಮುಗಿಸುತ್ತಾಳೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯಂತೆ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ವ್ಯಯಿಸುವ ಕಾಲ 299 ನಿಮಿಷ. ಪುರುಷರು 97 ನಿಮಿಷ. ಹೀಗಿದ್ದೂ, 2022ರಲ್ಲಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದ ವಯಸ್ಕರ ಪ್ರಮಾಣ ಮಹಿಳೆಯರಲ್ಲಿ ಶೇ 57, ಪುರುಷರಲ್ಲಿ ಶೇ 42 ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಅಂದಾಜಿಸಿದ್ದಾರೆ. ಒಲೆಯ ಮುಂದೆ ನಿಲ್ಲುವ ಐದು ಗಂಟೆ ದಣಿವನ್ನು ಕೊಡುತ್ತದೆಯೇ ಹೊರತು ಬಲವನ್ನಲ್ಲ. ನಿವೃತ್ತ ಪತಿ ಉದ್ಯಾನದಿಂದ ಮರಳುವ ಹೊತ್ತಿಗೆ ತಿಂಡಿ ಸಿದ್ಧವಿರಬೇಕೆಂದು ಬಯಸುವ ಮನೆಯಲ್ಲಿ ಆರೋಗ್ಯ ಒಬ್ಬರಿಗಷ್ಟೇ ಸಲ್ಲುತ್ತದೆ.

ಇದೆಲ್ಲ ಅನುಕೂಲಸ್ಥರ ಚಿಂತೆ ಎಂಬ ಆಕ್ಷೇಪಣೆ ಬರಬಹುದು. ಅರುವತ್ತರಲ್ಲೂ ಕಳೆ ಕೀಳುವ ಕೃಷಿ ಕಾರ್ಮಿಕಳಿಗೆ ವ್ಯಾಯಾಮದ ಪಾಠ ಹೇಳುವುದು ಅಪಹಾಸ್ಯವಾದೀತು, ನಿಜ. ಅವಳ ಕೊರತೆ ಇರುವುದು ತಟ್ಟೆಯಲ್ಲಿ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಕೊಡುವ ಧಾನ್ಯ 2023ರ ಜನವರಿಯಿಂದ ಉಚಿತ. ಆದರೆ ಆ ಕಾಯ್ದೆ ಬೇಳೆಕಾಳುಗಳನ್ನು ಒಳಗೊಂಡಿಲ್ಲ. ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆಯನ್ನೂ ಒಳಗೊಂಡ ಆಹಾರ ಕಿಟ್ ನೀಡಲು ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿದ್ದು ಈ ದೃಷ್ಟಿಯಿಂದ ಸರಿಯಾದ ದಿಕ್ಕಿನ ಹೆಜ್ಜೆ. ಹೊಟ್ಟೆ ತುಂಬಿಸುವ ನೀತಿಯಿಂದ ಮೈಗೂಡಿಸುವ ನೀತಿಗೆ ನಾವು ಸಾಗಬೇಕಿದೆ.

ನಗರದಲ್ಲಿ ಕೊರತೆ ಇರುವುದು ದಾರಿಯಲ್ಲಿ. ವಿಶ್ವೇಶ್ವರಯ್ಯನವರು ಯೋಜಿತ ಅರ್ಥವ್ಯವಸ್ಥೆಯ ಬಗೆಗಿನ ತಮ್ಮ ಗ್ರಂಥವನ್ನು 1934ರಲ್ಲಿ ಪ್ರಕಟಿಸಿದಾಗ ಅವರಿಗೆ ಎಪ್ಪತ್ತು ದಾಟಿತ್ತು ಎಂದು ಹೆಮ್ಮೆಯಿಂದ ಸ್ಮರಿಸುತ್ತೇವೆ. ಅಸಾಧಾರಣರ ಶಿಸ್ತನ್ನು ಕೊಂಡಾಡಿ, ಸಾಮಾನ್ಯರು ನಡೆಯುವ ದಾರಿಯನ್ನು ಮಾತ್ರ ಸರಿಪಡಿಸದಿರುವುದು ನಮ್ಮ ಹಳೆಯ ರೂಢಿ. ಬೆಂಗಳೂರಿನಲ್ಲಿ ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳಿಗೆ ಸಮೀಪವಿರುವವರು ಭಾಗ್ಯವಂತರು. ಉಳಿದವರಿಗೆ ಕಾಲುದಾರಿಯೆಂದರೆ ಕಳಚಿದ ಚಪ್ಪಡಿ, ನಿಲ್ಲಿಸಿದ ಸ್ಕೂಟರು, ಟ್ರಾನ್ಸ್‌ಫಾರ್ಮರ್ ಮತ್ತು ಮರಳಿನ ರಾಶಿ. ಇಲ್ಲಿನ ಅರ್ಥಶಾಸ್ತ್ರವನ್ನು ಗಮನಿಸಿ. ಎಪ್ಪತ್ತು ದಾಟಿದ ಎಲ್ಲರಿಗೂ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ವೆಚ್ಚ ಭರಿಸುವ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದಿತು. ಅದು ಸ್ವಾಗತಾರ್ಹ. ಆದರೆ ಮುರಿದ ಸೊಂಟಕ್ಕೆ ಲಕ್ಷಗಟ್ಟಲೆ ಕೊಡಲು ಸಿದ್ಧವಿರುವ ವ್ಯವಸ್ಥೆ, ಆ ಸೊಂಟ ಮುರಿಯಲು ಕಾರಣವಾದ ಚಪ್ಪಡಿಯನ್ನು ಸರಿಯಾಗಿ ಕೂರಿಸಲು ಹಣ ಹುಡುಕದಿದ್ದರೆ ಅದು ಮಿತವ್ಯಯವಲ್ಲ.

ಆಗಬೇಕಾದ ಕೆಲಸಗಳು ಅಸಾಧ್ಯವಾದವೇನಲ್ಲ. ನಿವೃತ್ತಿಯ ಅಂಚಿನ ನೌಕರರಿಗೆ ಪಿಂಚಣಿ ಕಾಗದಪತ್ರಗಳ ತಿಳಿವಳಿಕೆಯ ಜೊತೆಗೆ ಸ್ನಾಯುಬಲದ, ಸಮತೋಲನದ ಸರಳ ಪರೀಕ್ಷೆಯೂ ನಡೆಯಲಿ. ರಕ್ತದೊತ್ತಡ, ಸಕ್ಕರೆ ಅಳೆಯುವ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಮೂವತ್ತು ಸೆಕೆಂಡಿನಲ್ಲಿ ವ್ಯಕ್ತಿ ಎಷ್ಟು ಬಾರಿ ಕುರ್ಚಿಯಿಂದ ಏಳಬಲ್ಲ ಎಂಬುದನ್ನೂ ದಾಖಲಿಸಲಿ. ಅದಕ್ಕೆ ಬೇಕಾದದ್ದು ಒಂದು ಕುರ್ಚಿ, ಒಂದು ಗಡಿಯಾರ. ಪ್ರತಿ ವಾರ್ಡಿನಲ್ಲಿ ಹಿರಿಯರು ಆಸ್ಪತ್ರೆ, ಅಂಗಡಿ, ಉದ್ಯಾನಗಳಿಗೆ ಎಡವದೆ ನಡೆಯಬಲ್ಲ ಒಂದು ಕಿಲೋಮೀಟರ್ ಕಾಲುದಾರಿಯನ್ನಾದರೂ ಸ್ಥಳೀಯ ಆಡಳಿತ ಖಾತರಿಪಡಿಸಲಿ. ಬಡಾವಣೆಯ ಸಂಘಗಳು ಬೆಳಗಿನ ಗುಂಪಿಗೆ ಮಹಿಳೆಯರನ್ನೂ ಕರೆತರಲಿ.

ಉಳಿದದ್ದು ನಮ್ಮದೇ ಹೊಣೆ. ಐವತ್ತರಲ್ಲಿ ಆರಂಭಿಸಿದ ಉಳಿತಾಯಕ್ಕೆ ಬಡ್ಡಿ ಹೆಚ್ಚು, ಎಪ್ಪತ್ತರಲ್ಲಿ ಆರಂಭಿಸಿದರೂ ಅಸಲಿಗೆ ಮೋಸವಿಲ್ಲ. ಕೈಕಾಲು ಗಟ್ಟಿಯಾಗಿರಲಿ ಎಂದು ಹಾರೈಸುವ ಮನೆಗಳಲ್ಲಿ ನಾಳೆಯ ಅಡುಗೆಗೆಂದು ಈ ರಾತ್ರಿಯೇ ಒಂದು ಬಟ್ಟಲು ಕಾಳು ನೆನೆಯಲಿ.