ಕ್ಲಿಕ್ ಎಂದಿತು, ಚಿತ್ರ ಬರಲಿಲ್ಲ

ಮುಧೋಳದಲ್ಲಿ ನೀರೆತ್ತುವ ಮೋಟರುಗಳ ಕಾಯಿಲ್ ಸುತ್ತುವ ಯುವಕನೊಬ್ಬನಿದ್ದಾನೆ. ಕಬ್ಬಿನ ಸೀಮೆಯಲ್ಲಿ ಈ ಕಸುಬಿಗೆ ಬಿಡುವೆಂಬುದಿಲ್ಲ. ಸುಟ್ಟ ಮೋಟರನ್ನು ಎದುರಿಗಿಟ್ಟರೆ ಮೂಸಿ ನೋಡಿಯೇ ರೋಗ ಹೇಳುವಷ್ಟು ಪಳಗಿದವನು. ಅಂಥವನು ಅಂಗೈಯಗಲದ ಹಳೆಯ ಕ್ಯಾಮೆರಾ ಒಂದರಿಂದ ಮೋಸ ಹೋದ. ಮೋಸ ಮಾಡಿದವರು ಮಾತ್ರ ಯಾರೂ ಇಲ್ಲ.

ಅವನ ಕಾಕಾ ಎಂಬತ್ತರ ದಶಕದಲ್ಲಿ ಸುತ್ತಲಿನ ಹಳ್ಳಿಗಳ ಮದುವೆ, ಜವಳ, ಜಾತ್ರೆಗಳಿಗೆ ಹೋಗಿ ಫೋಟೋ ತೆಗೆಯುತ್ತಿದ್ದವರು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ರೀಲು ಹಾಕಿ ತೆಗೆದ ಕಪ್ಪು–ಬಿಳುಪು ಚಿತ್ರಗಳು ಇಂದಿಗೂ ಆ ಕಡೆಯ ಎಷ್ಟೋ ಪಡಸಾಲೆಗಳ ಗೋಡೆಯ ಮೇಲಿವೆ. 1960ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆ ಈಗಿಲ್ಲ, ಕಾಕಾನೂ ಇಲ್ಲ. ಉಳಿದದ್ದು ಟ್ರಂಕಿನ ತಳದಲ್ಲಿ, ಧೋತರದ ಚೂರಿನಲ್ಲಿ ಸುತ್ತಿಟ್ಟಿದ್ದ ಯಾಶಿಕಾ ಎಲೆಕ್ಟ್ರೋ 35 ಕ್ಯಾಮೆರಾ.

ಘಟಪ್ರಭೆಯ ದಂಡೆಯ ಹಳ್ಳಿಯಲ್ಲಿದ್ದ ಅವರ ಮಾಳಿಗೆ ಮನೆಗೆ 2019ರ ಆಗಸ್ಟಿನ ನೆರೆಯಲ್ಲಿ ನೀರು ತಾಗಿ, ಮಣ್ಣಿನ ಗೋಡೆಯ ಬುಡ ಸಡಿಲಾಗಿತ್ತು. ಎರಡು ಮಳೆಗಾಲ ಹೇಗೋ ಕಳೆದು ಕೊನೆಗೆ ಕೆಡವುವುದೆಂದು ತೀರ್ಮಾನವಾಯಿತು. ಆಗ ಯುವಕನಿಗೆ ಒಂದು ಆಸೆ ಹುಟ್ಟಿತು. ಮನೆಯನ್ನೂ ಮನೆಯೊಳಗಿನ ಆಯಿಯನ್ನೂ ಕಾಕಾನ ಕ್ಯಾಮೆರಾದಿಂದಲೇ ಹಿಡಿದಿಡಬೇಕು! ಬೆಂಗಳೂರಿನಿಂದ ಕಪ್ಪು–ಬಿಳುಪು ರೀಲು ತರಿಸಿದ. ಸೆಲ್ ಹಾಕುವ ಗೂಡಿನಲ್ಲಿ ಕಟ್ಟಿದ್ದ ಹಸಿರು ಕಿಲುಬನ್ನು ಕೆರೆದು ತೆಗೆದ. ಅದಕ್ಕೆ ಹೊಂದುವ ಸೆಲ್ ಮಾತ್ರ ಮುಧೋಳದಲ್ಲೂ ಸಿಗಲಿಲ್ಲ, ಜಮಖಂಡಿಯಲ್ಲೂ ಸಿಗಲಿಲ್ಲ. ಸೆಲ್ ಇಲ್ಲದೆಯೇ ಒತ್ತಿ ನೋಡಿದ. ಕ್ಲಿಕ್ ಎಂದಿತು. ಮತ್ತೊಮ್ಮೆ ಒತ್ತಿದ, ಮತ್ತೆ ಕ್ಲಿಕ್. ಸೆಲ್ ಫ್ಲಾಶಿಗಿರಬೇಕು ಎಂದುಕೊಂಡು ಸುಮ್ಮನಾದ.

“ಅಣ್ಣಾ, ಮೊಬೈಲ್‌ದಾಗೂ ನಾಕು ತಗದಿಡು” ಎಂದಳು ತಂಗಿ.

“ಅದರಾಗ ದಿನಾ ತಗೀತೀವಿ. ಇದು ಕಾಕಾಂದು.”

ಬೆಳಕಿಂಡಿಯ ಕೆಳಗೆ ಕುಳಿತ ಆಯಿ, ಒಲೆಯ ಮುಂದೆ ರೊಟ್ಟಿ ಬಡಿಯುವ ಆಯಿ, ಹೊಗೆ ಹಿಡಿದ ತೊಲೆ, ಕಂಬದ ಕೆತ್ತನೆ ಎಂದು ಮೂವತ್ತಾರರಲ್ಲಿ ಮೂವತ್ತು ಚಿತ್ರ ಒಳಗೇ ಆದವು. ಆರು ಹೊರಗೆ. ಮರುವಾರ ಜೆಸಿಬಿ ಬಂತು. ತೊಳೆಯಲು ಬೆಂಗಳೂರಿಗೆ ಕಳಿಸಿದ್ದ ರೀಲು ಇಪ್ಪತ್ತು ದಿನಕ್ಕೆ ಮರಳಿತು. ಅಷ್ಟು ಹೊತ್ತಿಗೆ ಮನೆಯಿದ್ದ ಜಾಗದಲ್ಲಿ ಬುನಾದಿ ತೋಡಿಯಾಗಿತ್ತು. ನೆಗೆಟಿವನ್ನು ಬೆಳಕಿಗೆ ಹಿಡಿದರೆ ಮೂವತ್ತು ಚೌಕಗಳು ಗಾಜಿನಷ್ಟು ಸ್ವಚ್ಛ. ನೆಗೆಟಿವಿನಲ್ಲಿ ಸ್ವಚ್ಛವೆಂದರೆ ಬೆಳಕೇ ಬೀಳಲಿಲ್ಲ ಎಂದರ್ಥ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಊರಿನ ಹಳೆಯ ಸ್ಟುಡಿಯೋದ ಹಿರಿಯರೊಬ್ಬರ ಬಳಿಗೆ ಓಡಿದ. ಅವರು ಕ್ಯಾಮೆರಾ ಮುಟ್ಟಲೂ ಇಲ್ಲ. ಒಂದೇ ಪ್ರಶ್ನೆ ಕೇಳಿದರು. “ಹೊರಗಿನ ಫೋಟೋ ಬಂದಾವೇನು, ತಮ್ಮಾ?”

“ಬಂದಾವ್ರೀ. ಆರೂ ಬಂದಾವ.”

“ಹಂಗಾರ ಸೆಲ್ ಇಲ್ಲ.”

ವೈದ್ಯರು ನಾಡಿ ಹಿಡಿಯದೆ ರೋಗ ಹೇಳಿದಂತಿತ್ತು. ಆದರೆ ಇದರಲ್ಲಿ ಪವಾಡವೇನಿಲ್ಲ, ಲೆಕ್ಕವಿದೆ. 1966ರಲ್ಲಿ ಜಪಾನಿನಲ್ಲಿ ಹೊರಬಂದ ಎಲೆಕ್ಟ್ರೋ 35ರಲ್ಲಿ ಶಟರ್ ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ವಿದ್ಯುನ್ಮಂಡಲ ನಿರ್ಧರಿಸುತ್ತದೆ. ಕತ್ತಲಿದ್ದರೆ 30 ಸೆಕೆಂಡಿನವರೆಗೂ ತೆರೆದಿಡಬಲ್ಲದು. ಸೆಲ್ ಇಲ್ಲದಿದ್ದರೆ ಒಂದೇ ವೇಗ, ಸೆಕೆಂಡಿನ 500ರಲ್ಲಿ ಒಂದು ಭಾಗ. ಬೆಳಕಿಂಡಿಯ ಮಂದ ಬೆಳಕಿಗೆ ಸೆಕೆಂಡಿನ 15ರಲ್ಲಿ ಒಂದು ಭಾಗವಾದರೂ ಬೇಕಿತ್ತೆಂದು ಇಟ್ಟುಕೊಳ್ಳಿ. 500ನ್ನು 15ರಿಂದ ಭಾಗಿಸಿದರೆ 33 ಚಿಲ್ಲರೆ. ಮೂವತ್ತಮೂರು ಬೊಗಸೆ ನೀರು ಬೇಕಾದಲ್ಲಿ ಒಂದೇ ಬೊಗಸೆ ಸುರಿದಂತೆ. ಹೊರಗಿನ ಉರಿಬಿಸಿಲಿಗೆ ಮಾತ್ರ ಆ ಒಂದು ಬೊಗಸೆ ಸರಿಯಾಗಿಯೇ ಸಾಕಾಯಿತು. ಕ್ಯಾಮೆರಾದ ಹಿಂಬದಿಯಲ್ಲಿ ಒಂದು ಗುಂಡಿಯಿದೆ. ಒತ್ತಿದರೆ ದೀಪ ಹೊತ್ತಬೇಕು, ಹೊತ್ತದಿದ್ದರೆ ಸೆಲ್ ಇಲ್ಲವೆಂದೇ ಲೆಕ್ಕ. ಇದನ್ನು ಹೇಳಿಕೊಡಬೇಕಾದ ಕಾಕಾ ಇರಲಿಲ್ಲ.

ಇನ್ನು ಆ ಸೆಲ್ಲಿನ ಕಥೆ. ಅದು 5.6 ವೋಲ್ಟಿನ ಪಾದರಸದ ಸೆಲ್. ಪಾದರಸದ ಸೆಲ್ಲಿಗೊಂದು ದೊಡ್ಡ ಗುಣವಿತ್ತು. ಸಾಯುವ ದಿನದವರೆಗೂ ಅದರ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಸಮ ಇರುತ್ತಿತ್ತು. ಬೆಳಕಳೆಯುವ ಮೀಟರಿಗೆ ಇದಕ್ಕಿಂತ ನಂಬಿಗಸ್ತ ಜೊತೆಗಾರ ಬೇರಿರಲಿಲ್ಲ. ಆದರೆ ಪಾದರಸ ವಿಷ. ಜಪಾನಿನ ಮಿನಮಾಟ ಕೊಲ್ಲಿಯ ಮೀನು ತಿಂದವರ ನರಗಳು ಸೋತು ಹೋದದ್ದನ್ನು ಜಗತ್ತು ಕಂಡಿತು. 2013ರಲ್ಲಿ ಅದೇ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದಕ್ಕೂ ಮೊದಲೇ ಅನೇಕ ದೇಶಗಳು ಈ ಸೆಲ್ಲುಗಳನ್ನು ನಿಲ್ಲಿಸಿದ್ದವು. ನಿಲ್ಲಿಸಿದ್ದು ಸರಿಯೇ. ನಾಲ್ಕು ಫೋಟೋ ಕೆಟ್ಟರೆ ಕೆಡಲಿ, ನೀರು ಕೆಡಬಾರದು. ಎಲೆಕ್ಟ್ರೋ 35 ಈ ಮಟ್ಟಿಗೆ ಸಮಾಧಾನಿ. ಒಂದೂವರೆ ವೋಲ್ಟಿನ ನಾಲ್ಕು ಗುಂಡಿ ಸೆಲ್ಲುಗಳನ್ನು ಸಾಲಾಗಿ ಜೋಡಿಸಿ 6 ವೋಲ್ಟ್ ಕೊಟ್ಟರೂ ದುಡಿಯುತ್ತದೆ. ಅದೇ ಕಾಲದ, 1.35 ವೋಲ್ಟಿನ ಒಂದೇ ಸೆಲ್ ಬೇಡುವ ಎಷ್ಟೋ ಕ್ಯಾಮೆರಾಗಳು ಹಾಗಲ್ಲ. ಒಂದೂವರೆ ವೋಲ್ಟ್ ಕೊಟ್ಟರೆ ಅವುಗಳ ಮೀಟರು ಸುಳ್ಳು ಹೇಳುತ್ತದೆ. ಸೆಲ್ ಸೊರಗಿದಂತೆ ಆ ಸುಳ್ಳೂ ದಿನಕ್ಕೊಂದು ಬಗೆಯಾಗುತ್ತದೆ.

ಇಷ್ಟೆಲ್ಲ ಆದರೂ ಯುವಕನಿಗೆ ಒಂದು ಸಂಶಯ ಉಳಿಯಿತು. ಕಣ್ಣಿಗೆ ಎಲ್ಲವೂ ಚೆಂದ ಕಂಡಿತ್ತಲ್ಲ, ಆಗಲೇ ಯಾಕೆ ತಿಳಿಯಲಿಲ್ಲ? ಇದು ನಿಜವಾದ ಪ್ರಶ್ನೆ. ಉತ್ತರ ರೇಂಜ್‌ಫೈಂಡರ್, ಅಂದರೆ ದೂರಮಾಪಕ ಜೋಡಿಸಿದ ಕ್ಯಾಮೆರಾಗಳ ಜಾತಿಯಲ್ಲೇ ಇದೆ. ಇವುಗಳಲ್ಲಿ ಮನುಷ್ಯ ನೋಡುವ ಕಿಂಡಿ ಬೇರೆ, ಫಿಲ್ಮ್ ನೋಡುವ ಲೆನ್ಸ್ ಬೇರೆ. ಲೆನ್ಸಿಗೆ ಮುಚ್ಚಳ ಹಾಕಿದ್ದರೂ ಕಿಂಡಿಯಲ್ಲಿ ಮದುಮಗಳು ನಗುತ್ತಲೇ ಇರುತ್ತಾಳೆ! ಮುಚ್ಚಳ ತೆಗೆಯದೆ ಇಡೀ ರೀಲು ಮುಗಿಸಿದವರು ಊರಿಗೊಬ್ಬರಾದರೂ ಇದ್ದಾರು, ಒಪ್ಪಿಕೊಳ್ಳುವವರು ಕಡಿಮೆ. ಹತ್ತಿರದಿಂದ ತೆಗೆದಾಗ ತಲೆ ಕತ್ತರಿಸಿ ಹೋಗುವುದೂ ಇದೇ ಕಾರಣಕ್ಕೆ. ಕಿಂಡಿ ಇರುವುದು ಲೆನ್ಸಿಗಿಂತ ಮೇಲೆ, ಒಂದು ಬದಿಗೆ.

ದೂರ ಅಳೆಯುವ ಉಪಾಯವೇನೋ ಸೊಗಸಾದದ್ದು. ಕ್ಯಾಮೆರಾದ ಮುಂಬದಿಯಲ್ಲಿ ಎರಡು ಗಾಜಿನ ಕಿಂಡಿಗಳಿರುತ್ತವೆ. ಎರಡರ ಬಿಂಬಗಳೂ ಒಂದರ ಮೇಲೊಂದು ಕಾಣುತ್ತವೆ. ಲೆನ್ಸ್ ತಿರುಗಿಸುತ್ತ ಹೋದಾಗ ಎರಡೂ ಒಂದಾದ ಕ್ಷಣವೇ ಫೋಕಸ್. ಭೂಮಾಪನದವರು ಹೊಳೆ ದಾಟದೆ ಹೊಳೆಯ ಅಗಲ ಅಳೆಯುವ ತ್ರಿಕೋನದ ಲೆಕ್ಕವೇ ಇದು. ಆದರೆ ತ್ರಿಕೋನ ಬಹಳ ಸಣ್ಣದು. ಕಿಂಡಿಗಳ ನಡುವೆ 5 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಒಂದು ಮೀಟರ್ ದೂರದ ವಸ್ತುವಿಗೆ ಕೋನ ಸುಮಾರು 3 ಡಿಗ್ರಿ, ಹತ್ತು ಮೀಟರಿಗೆ ಕೇವಲ 0.3 ಡಿಗ್ರಿ. ಐವತ್ತು ವರ್ಷ ಬಸ್ಸಿನಲ್ಲಿ, ಸೈಕಲ್ಲಿನಲ್ಲಿ ಕುಲುಕಾಡಿದ ಕನ್ನಡಿ ಕೂದಲೆಳೆಯಷ್ಟು ಸರಿದರೂ ಸಾಕು. ಕಿಂಡಿಯಲ್ಲಿ ಬಿಂಬಗಳು ಒಂದಾಗುತ್ತವೆ, ಫಿಲ್ಮಿನಲ್ಲಿ ಮುಖ ಮಸುಕಾಗುತ್ತದೆ. ಇದನ್ನು ಪರೀಕ್ಷಿಸಲು ಕಾಸು ಖರ್ಚಿಲ್ಲ. ಲೆನ್ಸನ್ನು ಅನಂತದ ಗುರುತಿಗೆ ತಿರುಗಿಸಿ, ದೂರದ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನೋ ಚಂದ್ರನನ್ನೋ ನೋಡಬೇಕು. ಎರಡು ಚಿಮಣಿ ಕಂಡರೆ ಕೊಳ್ಳಬಾರದು.

ಈಚೆಗೆ ಹಳೆಯ ಕ್ಯಾಮೆರಾದ ಮೋಹ ಮತ್ತೆ ಏರಿ, ಬೆಲೆಯೂ ಏರಿದೆ. ಈ ಜಾತಿಯ ಮೂಲಪುರುಷ ಜರ್ಮನಿಯ ಲೈಕಾ. ಓಸ್ಕರ್ ಬರ್ನಾಕ್ ರೂಪಿಸಿ 1925ರಲ್ಲಿ ಮಾರಾಟಕ್ಕೆ ಬಂದ ಅದಕ್ಕೆ 1932ರಲ್ಲಿ ದೂರಮಾಪಕ ಜೋಡಿಸಿದರು. ಅದನ್ನು ನೋಡಿ ಸೋವಿಯತ್ ದೇಶದವರೂ ಮಾಡಿದರು. ಖಾರ್ಕಿವ್ ನಗರದಲ್ಲಿ ಶಿಕ್ಷಣತಜ್ಞ ಮಕರೆಂಕೊ ಅವರ ಹೆಸರಿನೊಂದಿಗೆ ಬೆಸೆದಿದ್ದ ಅನಾಥ ಮಕ್ಕಳ ಶ್ರಮಶಾಲೆಯಲ್ಲಿ 1934ರಿಂದ ತಯಾರಾದ ‘ಫೆಡ್’, ಯುದ್ಧದ ನಂತರ ಬಂದ ‘ಜೋರ್ಕಿ’ ಇವು ಪ್ರಾಮಾಣಿಕ ನಕಲುಗಳು. ಆಮೇಲೆ ಕೆಲವು ಕಿಡಿಗೇಡಿಗಳು ಅವುಗಳ ಹೆಸರನ್ನು ಉಜ್ಜಿ ತೆಗೆದು ‘ಲೈಕಾ’ ಎಂದು ಕೆತ್ತಿ, ಚಿನ್ನದ ನೀರು ಹೊಯ್ದು ಮಾರತೊಡಗಿದರು. ಹೊಳೆಯುವ ಲೈಕಾ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು ಒಂದು ಗಳಿಗೆ ತಡೆಯುವುದು ಲೇಸು. ನಿಜವಾದ ಲೈಕಾ ಸಿಕ್ಕಿತೆನ್ನಿ, ಅದರಲ್ಲೂ ಒಂದು ಅಪಾಯವುಂಟು. ಅದರ ಶಟರ್ ರಬ್ಬರು ಲೇಪಿಸಿದ ಬಟ್ಟೆಯ ಪರದೆ. ಮುಚ್ಚಳವಿಲ್ಲದೆ ಬಿಸಿಲಿಗೆ ಮುಖ ಮಾಡಿ ಇಟ್ಟರೆ, ಭೂತಗನ್ನಡಿ ಹಿಡಿದು ಕಾಗದ ಸುಡುವ ಹುಡುಗರ ಆಟವನ್ನು ಲೆನ್ಸ್ ಆ ಬಟ್ಟೆಯ ಮೇಲೆ ಆಡುತ್ತದೆ. ಮುಂದೆ ಪ್ರತಿ ಚಿತ್ರದಲ್ಲೂ ಒಂದು ಬಿಳಿ ಚುಕ್ಕೆ. ಮುಧೋಳದ ಏಪ್ರಿಲ್ ಬಿಸಿಲಿಗೆ ಹೆಚ್ಚು ಹೊತ್ತೇನೂ ಬೇಡ.

ಹಾಗೆಂದು ಈ ಯಂತ್ರಗಳು ನಿಷ್ಪ್ರಯೋಜಕವಲ್ಲ. 1948ರ ಜನವರಿ 30ರಂದು ಹತ್ಯೆಗೆ ಸ್ವಲ್ಪ ಮೊದಲು ಗಾಂಧೀಜಿಯನ್ನು ಕಂಡುಬಂದಿದ್ದ ಫ್ರಾನ್ಸಿನ ಕಾರ್ಟಿಯೆ ಬ್ರೆಸ್ಸೊಂ ಅವರ ಅಂತ್ಯಯಾತ್ರೆಯನ್ನು ಜಗತ್ತಿಗೆ ತೋರಿಸಿದ್ದು ಲೈಕಾದಿಂದಲೇ. ಆಗ ಆ ಕ್ಯಾಮೆರಾಕ್ಕೆ ಐವತ್ತು ವರ್ಷ ವಯಸ್ಸಾಗಿರಲಿಲ್ಲ, ಅಷ್ಟೆ.

ಬಂದ ಆರು ಚಿತ್ರಗಳಲ್ಲಿ ಒಂದು ಮಾತ್ರ ನೋಡಿದವರನ್ನೆಲ್ಲ ನಿಲ್ಲಿಸುತ್ತದೆ. ಮನೆಯ ಮುಂದೆ ಓಡುತ್ತಿದ್ದ ಮುಧೋಳ ನಾಯಿಯೊಂದರ ಚಿತ್ರ. ಆ ನಾಯಿಯ ಓಟಕ್ಕೆ ಸರಿಯಾಗಿ ಎರಡು ಬಿಂಬ ಒಂದುಗೂಡಿಸುತ್ತ ಕೂರುವುದು ಯಾರಿಂದಲೂ ಆಗದ ಕೆಲಸ. ಯುವಕ ಅಂದಾಜಿನ ಮೇಲೆ ಐದು ಮೀಟರಿಗೆ ಇಟ್ಟು, ಬಿಸಿಲೆಂದು ಲೆನ್ಸಿನ ರಂಧ್ರವನ್ನು 16ಕ್ಕೆ ಕಿರಿದು ಮಾಡಿ ಒತ್ತಿಬಿಟ್ಟಿದ್ದ. ಸೆಲ್ ಇಲ್ಲದ ಕ್ಯಾಮೆರಾ ತನಗೆ ಗೊತ್ತಿದ್ದ ಒಂದೇ ವೇಗದಲ್ಲಿ ಹಿಡಿಯಿತು. ನಾಲ್ಕೂ ಕಾಲು ನೆಲ ಬಿಟ್ಟಿವೆ, ಮೈಯ ಪಕ್ಕೆಲುಬು ಎಣಿಸಬಹುದು. ರಂಧ್ರ ಕಿರಿದಾಗಿದ್ದರಿಂದ ಹಿಂದಿನದೂ ಅಷ್ಟೇ ಸ್ಪಷ್ಟ.

ಚಿತ್ರವನ್ನು ಆಯಿಗೆ ತೋರಿಸಿದ. ಆಕೆ ತೋಳುದ್ದ ಹಿಡಿದು ನೋಡಿದಳು.

“ನಾಯಿ ಯಾರದೋ?”

“ಆಚಿ ಓಣಿಯವರದು, ಆಯಿ.”

ಬೆರಳು ನಾಯಿಯನ್ನು ಬಿಟ್ಟು ಹಿಂದಕ್ಕೆ ಸರಿಯಿತು. “ಇದು ನಮ್ಮ ತಲಬಾಗಲ ಅಲ್ಲೇನು? ಹೊಸ್ತಿಲ ಮುಂದಿನ ರಂಗೋಲಿ ನಾನ ಹಾಕಿದ್ದು.” ಬಾಗಿಲಿನ ಒಳಗೆ ಏನೂ ಕಾಣುತ್ತಿರಲಿಲ್ಲ, ಬರೀ ಕಪ್ಪು. ಆಕೆ ಅಲ್ಲಿಯೇ ಬಹಳ ಹೊತ್ತು ಬೆರಳಿಟ್ಟುಕೊಂಡು ಕುಳಿತಳು.

“ಹೊಸ ಮನಿ ಆದ ಮ್ಯಾಲೆ ನಿಂದು ಇನ್ನೊಂದು ತಗೀತೀನಿ, ಆಯಿ.”

“ತಗಿಯಂತಿ. ಮೊದಲ ಸೆಲ್ ಹಾಕು.”