ವೈನ್ ದ್ರಾಕ್ಷಿ: ಮೊದಲು ಸಂಘ, ಆಮೇಲೆ ಸಸಿ

ವಿಜಯಪುರ, ಸೊಲ್ಲಾಪುರ ಕಡೆಯ ದ್ರಾಕ್ಷಿ ತೋಟಗಳನ್ನು ನಮ್ಮ ಬೀದರ, ಭಾಲ್ಕಿ, ಔರಾದ ತಾಲ್ಲೂಕುಗಳ ಅನೇಕ ರೈತ ಬಾಂಧವರು ಕಣ್ಣಾರೆ ಕಂಡಿದ್ದಾರೆ. ತೊಗರಿ, ಸೋಯಾ, ಕಬ್ಬುಗಳ ದರವನ್ನು ನಂಬುವಂತಿಲ್ಲ. ಆದ್ದರಿಂದ ವೈನ್ ತಯಾರಿಕೆಗೆ ಬೇಕಾಗುವ ದ್ರಾಕ್ಷಿಯನ್ನೇ ಏಕೆ ಹಾಕಬಾರದು ಎಂಬ ವಿಚಾರ ಬರುವುದು ಸಹಜ. ರಾಜ್ಯ ಸರ್ಕಾರವೂ 2007ರಲ್ಲಿ ಇದಕ್ಕೆಂದೇ ಒಂದು ನೀತಿಯನ್ನು ಹೊರಡಿಸಿ, ಮಂಡಳಿಯನ್ನು ಸ್ಥಾಪಿಸಿತು. ಆದರೆ ಕೊಳ್ಳುವವರ ಲಿಖಿತ ಒಪ್ಪಂದವಿಲ್ಲದೆ, ಸಂಘದ ಬಲವಿಲ್ಲದೆ, ಒಬ್ಬೊಬ್ಬರೇ ಈ ಬೆಳೆಗೆ ಕೈ ಹಾಕಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಶರಣರ ನಾಡಿನಲ್ಲಿ ಮದ್ಯದ ಮಾತೇಕೆ ಎಂದು ಹಿರಿಯರು ಕೇಳಬಹುದು. ಕುಡಿತವನ್ನು ಹೊಗಳುವುದು ಇಲ್ಲಿ ಉದ್ದೇಶವಲ್ಲ. ಒಂದು ಬೆಳೆಯ ಲಾಭ-ನಷ್ಟವನ್ನು ಸಸಿ ನೆಡುವ ಮೊದಲೇ ತೂಗಿ ನೋಡುವುದಷ್ಟೇ ಉದ್ದೇಶ.

ತಿನ್ನುವ ದ್ರಾಕ್ಷಿಯೇ ಬೇರೆ, ವೈನ್ ದ್ರಾಕ್ಷಿಯೇ ಬೇರೆ. ವೈನ್ ದ್ರಾಕ್ಷಿಯ ಕಾಳು ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ಅದನ್ನು ಸಂತೆಯಲ್ಲಿ ಮಾರಲು ಬಾರದು, ಮಣೂಕ ಮಾಡಲೂ ಬಾರದು. ಕಾರ್ಖಾನೆಯವರು ಬೇಡವೆಂದರೆ ಹಣ್ಣು ಬಳ್ಳಿಯಲ್ಲೇ ಒಣಗಬೇಕು. ಇದೇ ಮುಖ್ಯ ಅಪಾಯ.

ಎರಡನೆಯ ಮಾತು ಹವೆಯದು. ಒಳ್ಳೆಯ ವೈನಿಗೆ ಹಣ್ಣಿನಲ್ಲಿ ಸಿಹಿಯ ಜೊತೆಗೆ ಹುಳಿಯೂ ಉಳಿಯಬೇಕು. ರಾತ್ರಿ ತಂಪಾಗಿದ್ದರೆ ಹುಳಿ ಉಳಿಯುತ್ತದೆ, ಸೆಕೆಯಿದ್ದರೆ ಕರಗುತ್ತದೆ. ಆದ್ದರಿಂದಲೇ ಎತ್ತರದ ಇಳಿಜಾರು ಭೂಮಿಗೆ ಬೆಲೆ. ನಮ್ಮ ರಾಜ್ಯದಲ್ಲಿ 1988ರಲ್ಲಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ತಳಿಗಳನ್ನು ನೆಡಲು ದೊಡ್ಡಬಳ್ಳಾಪುರದ ಬಳಿ ನಂದಿ ಬೆಟ್ಟದ ತಪ್ಪಲನ್ನು ಆರಿಸಿದರು. ಅದು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಆದರೆ ಅಂಥ ಬಂಡವಾಳ ಮೂರು-ನಾಲ್ಕು ಎಕರೆಯ ರೈತನಿಗೆ ಎಲ್ಲಿಂದ ಬರಬೇಕು?

ಈ ಪ್ರಶ್ನೆಗೆ ಇಟಲಿಯ ಒಂದು ಸಣ್ಣ ಊರು ಉತ್ತರ ಕೊಟ್ಟಿದೆ. ಆ ದೇಶದ ಉತ್ತರಕ್ಕಿರುವ ಬಾರ್ಬರೆಸ್ಕೊ ಗ್ರಾಮದ ತಂಪು ಗುಡ್ಡಗಳ ಇಳಿಜಾರಿನಲ್ಲಿ ನೆಬ್ಬಿಯೋಲೊ ಎಂಬ ಕೆಂಪು ವೈನಿನ ದ್ರಾಕ್ಷಿ ಬೆಳೆಯುತ್ತದೆ. ಇದರ ವೈನಿನ ಬಣ್ಣ ತಿಳಿ, ಪರಿಮಳ ನವಿರು. 1894ರಲ್ಲಿ ಡೊಮಿಜಿಯೊ ಕವಾಜ್ಜಾ ಎಂಬ ಶಿಕ್ಷಕರು ಒಂಬತ್ತು ಬೆಳೆಗಾರರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಫ್ಯಾಸಿಸ್ಟ್ ಆಡಳಿತದಲ್ಲಿ ಅದು ಮುಚ್ಚಿಹೋಯಿತು. 1958ರಲ್ಲಿ ಊರಿನ ಪಾದ್ರಿ ಫಿಯೊರಿನೊ ಮರೆಂಗೊ 19 ಸಣ್ಣ ರೈತರನ್ನು ಸೇರಿಸಿ ಮತ್ತೆ ಸಂಘ ಕಟ್ಟಿದರು. ಮೊದಲ ಮೂರು ವರ್ಷದ ವೈನ್ ತಯಾರಾದದ್ದು ಚರ್ಚಿನ ನೆಲಮಾಳಿಗೆಯಲ್ಲಿ! ಈಗ ಅಲ್ಲಿ 50ಕ್ಕೂ ಹೆಚ್ಚು ಕುಟುಂಬಗಳು ಸದಸ್ಯರಾಗಿವೆ.

ಆ ಸಂಘದ ಕಟ್ಟಳೆಗಳನ್ನು ಗಮನಿಸಬೇಕು. ಸದಸ್ಯನು ತನ್ನ ನೆಬ್ಬಿಯೋಲೊ ಹಣ್ಣನ್ನೆಲ್ಲ ಸಂಘಕ್ಕೇ ಕೊಡಬೇಕು. ಹಣ ಸಿಗುವುದು ಬರೀ ತೂಕಕ್ಕಲ್ಲ, ಗುಣಕ್ಕೆ. ಬಾರ್ಬರೆಸ್ಕೊ ಹೆಸರಿನಲ್ಲಿ ಮಾರಬೇಕಾದರೆ ಇಳುವರಿ ಹೆಕ್ಟೇರಿಗೆ 8 ಟನ್, ಅಂದರೆ ಎಕರೆಗೆ ಸುಮಾರು ಮೂರೂಕಾಲು ಟನ್ ಮೀರಬಾರದೆಂದು ಕಾನೂನಿದೆ. ಅತ್ಯುತ್ತಮ ಹೊಲಗಳ ರಸವನ್ನು ಒಳ್ಳೆಯ ವರ್ಷಗಳಲ್ಲಿ ಮಾತ್ರ ಬೇರೆಯಾಗಿ ತುಂಬುತ್ತಾರೆ. ಹಗುರವಾದುದನ್ನು ಲಾಂಗೆ ನೆಬ್ಬಿಯೋಲೊ ಎಂಬ ಹೆಸರಿನಲ್ಲಿ ಬೇಗ, ಕಡಿಮೆ ಬೆಲೆಗೆ ಮಾರುತ್ತಾರೆ. ಹೀಗೆ ಸಾಮಾನ್ಯ ಗಿರಾಕಿಗೂ ಉತ್ತಮ ಪದಾರ್ಥ ಕೈಗೆಟಕುತ್ತದೆ. ಊರಿನ ಹೆಸರೂ ಕೆಡುವುದಿಲ್ಲ.

ನಮ್ಮ ಜಿಲ್ಲೆಯ ಸ್ಥಿತಿ ಏನು? ಬೀದರ ಪಟ್ಟಣ ಸುಮಾರು 2,200 ಅಡಿ ಎತ್ತರದಲ್ಲಿದೆ. ಸುತ್ತಲಿನ ಜಂಬಿಟ್ಟಿಗೆಯ ಕೆಂಪು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಡಿಸೆಂಬರ್ ರಾತ್ರಿಗಳೂ ಚಳಿಯವೇ. ಇವು ಅನುಕೂಲಗಳು. ಆದರೆ ಅಕ್ಟೋಬರ್ ಚಾಟ್ನಿಯ ಹಣ್ಣು ಫೆಬ್ರವರಿ-ಮಾರ್ಚಿನಲ್ಲಿ ಮಾಗುವಾಗ ಬಿಸಿಲು ಏರಿರುತ್ತದೆ. ಚಾಟ್ನಿಯ ನಂತರ ಮಳೆ ಹಿಡಿದರೆ ಬೂಜುತುಪ್ಪಟ ರೋಗ ತಪ್ಪಿದ್ದಲ್ಲ. ಭಾಲ್ಕಿ, ಔರಾದಿನ ನೀರು ಹಿಡಿಯುವ ಆಳವಾದ ಎರೆಭೂಮಿ ಇದಕ್ಕೆ ತಕ್ಕುದಲ್ಲ. ಮೇಲಾಗಿ ಕಂಬ, ತಂತಿ, ಹನಿ ನೀರಾವರಿಗೆ ಮೊದಲೇ ಹಣ ಸುರಿದು, ಫಸಲಿಗೆ ಎರಡು-ಮೂರು ವರ್ಷ ಕಾಯಬೇಕು. ಸಾಲದ ಬಡ್ಡಿ ಮಾತ್ರ ಕಾಯುವುದಿಲ್ಲ.

ಆದ್ದರಿಂದ ಆಸಕ್ತಿಯುಳ್ಳವರು ಮೊದಲು ಹತ್ತಿಪ್ಪತ್ತು ಜನ ಕೂಡಬೇಕು. ಮಣ್ಣು, ನೀರು ಪರೀಕ್ಷೆ ಮಾಡಿಸಿ, ಜನವಾಡದ ಕೃಷಿ ವಿಜ್ಞಾನ ಕೇಂದ್ರದವರ ಸಲಹೆ ಪಡೆಯಬೇಕು. ತಳಿ, ದರ, ಹಣ ಪಾವತಿಯ ಗಡುವು, ಹಣ್ಣು ತಿರಸ್ಕರಿಸುವ ಕಾರಣ, ಇವೆಲ್ಲ ಒಪ್ಪಂದದಲ್ಲಿ ಬರಹದಲ್ಲಿರಬೇಕು. ಆಮೇಲೂ ಮೊದಲಿಗೆ ಅರ್ಧ ಎಕರೆ ಸಾಕು.

ಸ್ವಸಹಾಯ ಗುಂಪುಗಳಿಂದ ಹೆಸರಾದ ಜಿಲ್ಲೆ ನಮ್ಮದು. ಕೂಡಿ ನಡೆಯುವುದು ನಮಗೆ ಗೊತ್ತು. ಗುಣಕ್ಕೆ ತಕ್ಕ ಬೆಲೆ ಎಂಬ ಕಟ್ಟಳೆಯನ್ನು ಇಂದಿನ ತೊಗರಿಗೇ ಹಾಕಿಕೊಂಡು ನೋಡೋಣ. ಅದನ್ನು ನಡೆಸಿಕೊಂಡು ಹೋಗಬಲ್ಲ ಸಂಘಕ್ಕೆ ನಾಳೆ ದ್ರಾಕ್ಷಿಯೂ ಭಾರವಾಗದು.